ಎಪ್ಪತ್ನಾಲ್ಕರ ಸುಣ್ಣ, ಐವತ್ತಾರರ ಸುಣ್ಣ

ಶೇಂದ್ರಾದ ಹೊಸ ಕಾರ್ಖಾನೆಯ ಹಿತ್ತಲಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಎರಡು ಸಾವಿರ ಲೀಟರಿನ ತೊಟ್ಟಿಯಲ್ಲಿ ಕಬ್ಬಿಣ ತೊಳೆದ ಗಂಧಕಾಮ್ಲದ ನೀರು ತುಂಬಿದೆ. ಪಕ್ಕದ ತಕ್ಕಡಿಯ ಮೇಲೆ ಏಳು ಕಿಲೋ ನಾನೂರು ಗ್ರಾಂ ಸುಣ್ಣ ಸಿದ್ಧವಾಗಿದೆ. ಸುಣ್ಣ ಬೆರೆತು ನೀರಿನ ಆಮ್ಲ ಹದಕ್ಕೆ ಇಳಿದರೆ ಗುಂಡವ್ವ ಇವತ್ತಿನಿಂದ ಆಪರೇಟರ್. ತಪ್ಪಿದರೆ ಹೊರಗಿನವರೊಬ್ಬರು ಆ ಜಾಗಕ್ಕೆ ಬರುತ್ತಾರೆ, ಗುಂಡವ್ವ ಇದೇ ಕಂಪನಿಯ ಹಳೆಯ ಕಾರ್ಖಾನೆಗೆ, ನಾಶಿಕದ ಸಾತಪುರಕ್ಕೆ, ಮರಳಿ ಮತ್ತೆ ಚೀಲ ಹೊರುತ್ತಾರೆ. ಮ್ಯಾನೇಜರ್ ಉತ್ಕರ್ಷ ಗಡಿಯಾರ ನೋಡುತ್ತಿದ್ದಾರೆ. ಗುಂಡವ್ವ ಮಾತ್ರ ಆ ಸುಣ್ಣದ ಚೀಲದಿಂದ ಒಂದು ಚಮಚ ತೆಗೆದು, ಸ್ಟೀಲ್ ಬಟ್ಟಲಿಗೆ ಹಾಕಿ, ದೂರ ನಿಂತು ನೀರು ಚಿಮುಕಿಸುತ್ತಾರೆ.

ಬಟ್ಟಲು ಚುರ್ರೆನ್ನುತ್ತದೆ. ಹಬೆ ಏಳುತ್ತದೆ.

"ತಡೀರಿ ಸಾಹೇಬ್ರ," ಎನ್ನುತ್ತಾರೆ ಗುಂಡವ್ವ. "ಇದು ಆ ಸುಣ್ಣ ಅಲ್ಲ."

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಮಾತು ನಮ್ಮಲ್ಲಿ ಉಂಟಷ್ಟೆ. ಗುಂಡವ್ವನ ಪಾಲಿಗೆ ಬಂದದ್ದು ಮಾತ್ರ ಎರಡು ಕೈಗೂ ಸುಣ್ಣವೇ. ಆಳಂದ ತಾಲ್ಲೂಕಿನಿಂದ ಗಂಡ ಖಂಡಪ್ಪನ ಜೊತೆ ನಾಶಿಕಕ್ಕೆ ಬಂದಾಗ ಕಟ್ಟಡಗಳ ಮೇಲೆ ಗಾರೆ ಹೊತ್ತರು. ಕಟ್ಟಡ ಮುಗಿದ ದಿನ ಕೆಲಸವೂ ಮುಗಿಯುತ್ತಿತ್ತು, ತಗಡಿನ ಜೋಪಡಿಯನ್ನೂ ಕಿತ್ತುಕೊಂಡು ಮುಂದಿನ ಸೈಟಿಗೆ ನಡೆಯಬೇಕಿತ್ತು. ಒಂದೇ ಕಡೆ ನಿಲ್ಲುವ ಕೆಲಸ ಬೇಕೆಂದು ಸಾತಪುರದ ಲೋಹ ಲೇಪನದ ಕಾರ್ಖಾನೆ ಸೇರಿದರು. ಅಲ್ಲಿ ದಿನಕ್ಕೆ ಆರು ತೊಟ್ಟಿ ಆಮ್ಲದ ನೀರು. ಪ್ರತಿ ತೊಟ್ಟಿಗೂ ಸುಣ್ಣ ಹೊತ್ತು ತಂದು ಸುರಿಯುವುದು ಅವರ ಪಾಲು. ಬೆರಳ ಸಂದುಗಳು ಬಿರಿದು, ರೊಟ್ಟಿ ತಟ್ಟುವಾಗ ಚುರುಗುಟ್ಟುತ್ತಿದ್ದವು.

ಆ ಕಾರ್ಖಾನೆಯಲ್ಲಿ ಬರೆಯದ ಕಾನೂನೊಂದಿದೆ. ತೊಟ್ಟಿಯ ನೀರು ಹೊರಗೆ ಬಿಡುವ ವಾಲ್ವನ್ನು ಆಪರೇಟರ್ ಬಿಟ್ಟು ಯಾರೂ ಮುಟ್ಟುವಂತಿಲ್ಲ. "ಸುಣ್ಣ ನಂದು, ಮೈಕೈ ನೋವು ನಂದು. ವಾಲ್ವ್ ಮಾತ್ರ ಅವರದು," ಎಂದು ಗುಂಡವ್ವ ನಗುತ್ತಾರೆ. ಆ ನಗುವಿನಲ್ಲಿ ಆಸೆ ಇಣುಕುವುದು ಯಾರಿಗಾದರೂ ಕಾಣುತ್ತದೆ.

ಸುಣ್ಣವನ್ನು ಅವರು ಅಂದಾಜಿನಲ್ಲೇ ಹಾಕುತ್ತಿದ್ದರು. ರೊಟ್ಟಿ ಹಿಟ್ಟಿಗೆ ನೀರನ್ನು ಯಾರು ಅಳೆದು ಹಾಕುತ್ತಾರೆ? ತೊಟ್ಟಿಗಿಷ್ಟು ಡಬ್ಬಿ ಎಂದು ಕೈಗೆ ರೂಢಿಯಾಗಿತ್ತು. ಒಮ್ಮೆ ಹೊಸ ವ್ಯಾಪಾರಿಯಿಂದ ಬೇರೆ ಚೀಲ ಬಂತು. ಮೇಲೆ 'ಚುನಾ' ಎಂದಷ್ಟೇ ಬರೆದಿತ್ತು. ಸುಣ್ಣ ಅಂದ್ರ ಸುಣ್ಣ ಎಂದುಕೊಂಡು ಗುಂಡವ್ವ ಅದೇ ಡಬ್ಬಿಗಳನ್ನು ಸುರಿದರು. ಹುಳಿ ಹೋಗಿ ಕ್ಷಾರ ವಿಪರೀತವಾಗಿ, ತೊಟ್ಟಿ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ನೀರು ಹೊರಗೆ ಬಿಡುವಂತಿರಲಿಲ್ಲ, ಇಡೀ ಕಾರ್ಖಾನೆಯ ಕೆಲಸ ನಿಂತಿತು. ಅಷ್ಟೂ ಜನರ ಎದುರು ಬೈಸಿಕೊಂಡ ಗುಂಡವ್ವ ಚೀಲಗಳ ಮರೆಗೆ ಹೋಗಿ ಅತ್ತರು.

ಅಲ್ಲಿಗೆ ಹುಡುಕಿಕೊಂಡು ಬಂದವಳು ಕಾರ್ಖಾನೆಯ ಕೆಮಿಸ್ಟ್ ವೈಷ್ಣವಿ. ಬೀದರ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ನಾಶಿಕದಲ್ಲಿ. ಅವಳ ಕನ್ನಡ ಮರಾಠಿಯ ಊರುಗೋಲು ಹಿಡಿದೇ ನಡೆಯುತ್ತದೆ. "ಕಾಕು, ರಡೂ ನಕಾ, ಅಳಬ್ಯಾಡ್ರಿ. ನಾ ಶಿಕವತೆ, ಕಲಿಸ್ತೀನಿ, ನೀವು ಕಲೀರಿ," ಎಂದಳಂತೆ. ಕಾಕು ಅಂದರೆ ಚಿಕ್ಕಮ್ಮ. ಅಂದಿನಿಂದ ಊಟದ ಬಿಡುವಿನಲ್ಲಿ ಪಾಠ ಶುರುವಾಯಿತು.

ಮೋಲ್ ಎಂದರೆ ತೂಕವಲ್ಲ, ಎಣಿಕೆ. ಡಜನ್ ಇದ್ದಂತೆ, ಆದರೆ ಊಹೆಗೂ ನಿಲುಕದಷ್ಟು ದೊಡ್ಡ ಡಜನ್. ಅಣುಗಳನ್ನು ಒಂದೊಂದಾಗಿ ಎಣಿಸಲಾಗದ್ದರಿಂದ ತೂಗಿ ಎಣಿಕೆ ತಿಳಿಯುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಗುಂಡವ್ವನಿಗೆ ಇದು ವಾರಗಟ್ಟಲೆ ತಲೆಗೆ ಹತ್ತಲಿಲ್ಲ. ಒಂದು ದಿನ ತಾವೇ ದಾರಿ ಕಂಡುಕೊಂಡರು.

"ಸಾಮೂಹಿಕ ಲಗ್ನ ಇರ್ತದಲ್ರಿ, ಅಲ್ಲಿ ವರ-ವಧು ತೂಕ ಮಾಡಿ ಜೋಡಿ ಕೂಡಸ್ತಾರೇನು? ತಲಿ ಎಣಸ್ತಾರ. ನೂರು ವರ ಇದ್ರ ನೂರು ವಧು ಬೇಕು. ಆಮ್ಲ ವರ, ಸುಣ್ಣ ವಧು, ಅಷ್ಟ!"

ವೈಷ್ಣವಿ ಚಪ್ಪಾಳೆ ತಟ್ಟಿದಳು. ಆಮ್ಲದ ಒಂದು ಮೋಲ್ ತೊಂಬತ್ತೆಂಟು ಗ್ರಾಂ. ಅರಳಿದ ಸುಣ್ಣದ್ದು ಎಪ್ಪತ್ನಾಲ್ಕು. ಅಂದು ತೊಟ್ಟಿ ಕೆಡಿಸಿದ, ನೀರು ಕಾಣದ ಸುಟ್ಟ ಸುಣ್ಣದ್ದು ಐವತ್ತಾರೇ. ನಡುವಿನ ಹದಿನೆಂಟು ಗ್ರಾಂ, ಅರಳುವಾಗ ಕುಡಿದ ನೀರು. "ವಧು ಒಬ್ಬಾಕೀನೇ ರೀ," ಎನ್ನುತ್ತಾರೆ ಗುಂಡವ್ವ. "ಒಮ್ಮೆ ನೀರಿನ ಕೊಡ ಹೊತ್ತು ಬರ್ತಾಳ, ಒಮ್ಮೆ ಬರಿಗೈಲೆ ಬರ್ತಾಳ. ಕೊಡಾನೂ ಕೂಡಿಸಿ ತೂಗಿದ್ರ ಲೆಕ್ಕ ಬ್ಯಾರೆ." ಸಾತಪುರದ ತೊಟ್ಟಿಯ ಪಕ್ಕದ ಕಂಬದ ಮೇಲೆ ಅವರು ಸುಣ್ಣದ ಗಟ್ಟಿಯಿಂದ ಬರೆದ ೯೮, ೭೪, ೫೬ ಇಂದಿಗೂ ಇವೆ. ಕನ್ನಡ ಅಂಕಿಗಳಾದ್ದರಿಂದ ಮಿಕ್ಕವರು ಅವನ್ನು ಯಾವುದೋ ಮಂತ್ರವೆಂದು ತಿಳಿದಿದ್ದಾರೆ. ಪ್ರತಿ ಹೊಸ ಚೀಲಕ್ಕೂ ಬಟ್ಟಲಿನ ಪರೀಕ್ಷೆ ಮಾಡುವುದು ಆ ಪಾಠದ ನಂತರ ಬಂದ ರೂಢಿ. ಊರಲ್ಲಿ ಗೋಡೆಗೆ ಬಳಿಯಲು ಅವ್ವ ಗಡಿಗೆಯಲ್ಲಿ ಸುಣ್ಣದ ಕಲ್ಲು ನೆನೆಸಿದಾಗ ಕೊತಕೊತ ಕುದಿಯುತ್ತಿದ್ದುದು ಅವರಿಗೆ ನೆನಪಿತ್ತು.

ಶೇಂದ್ರಾದಲ್ಲಿ ಈಗ ಬಟ್ಟಲು ಕುದಿಯುತ್ತಿದೆ. ಏಳು ಕಿಲೋ ನಾನೂರು ಗ್ರಾಂ ತೂಗಿದ್ದು ಅರಳಿದ ಸುಣ್ಣದ ಲೆಕ್ಕಕ್ಕೆ, ಚೀಲದೊಳಗಿರುವುದು ಸುಟ್ಟ ಸುಣ್ಣ. ಉತ್ಕರ್ಷ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಸಾತಪುರದಿಂದ ಜೊತೆಗೆ ಬಂದ ವೈಷ್ಣವಿ ಪಕ್ಕದಲ್ಲೇ ಇದ್ದಾಳೆ. ಪರೀಕ್ಷೆ ಕಾಕುದು, ಅವಳು ಬಾಯಿ ಬಿಡುವಂತಿಲ್ಲ.

ತೊಟ್ಟಿಯಲ್ಲಿರುವ ಆಮ್ಲ ಒಂಬತ್ತು ಕಿಲೋ ಎಂಟುನೂರು ಗ್ರಾಂ. ಗುಂಡವ್ವ ಬೆರಳು ಮಡಿಚುತ್ತಾರೆ. "ನೂರು ವರ. ನೂರು ವಧು, ಬರಿಗೈಲೆ ಬಂದಾಕಿ. ಐದು ಕಿಲೋ ಆರುನೂರು!" ತಕ್ಕಡಿಯಿಂದ ಒಂದು ಕಿಲೋ ಎಂಟುನೂರು ಗ್ರಾಂ ತೆಗೆದು ಬದಿಗಿಡುತ್ತಾರೆ. ಉಳಿದದ್ದನ್ನು ನೀರಿನ ಡ್ರಮ್ಮಿನಲ್ಲಿ ಅರಳಿಸಿ, ತಿಳಿ ಗಂಜಿ ಮಾಡಿ, ನಿಧಾನವಾಗಿ ತೊಟ್ಟಿಗೆ ಬಿಡುತ್ತಾರೆ. ಆಮ್ಲ ಅಳೆಯುವ ಮೀಟರು ಏಳರ ಹತ್ತಿರ ಬಂದರೆ ಹದ. ಅಂಕಿ ಎರಡಾಗುತ್ತದೆ, ಮೂರಾಗುತ್ತದೆ, ಅಲ್ಲೇ ತಡವರಿಸಿ ನಿಲ್ಲುತ್ತದೆ. ಗುಂಡವ್ವ ಡ್ರಮ್ಮನ್ನು ಓರೆ ಮಾಡುತ್ತಾರೆ. ಡ್ರಮ್ಮಿನ ತಳದ ಕೊನೆಯ ಚೊಂಬು ಬೀಳುತ್ತದೆ.

ಏಳು ಬಿಂದು ಎರಡು.

"ಏಕದಮ್ ಬರೋಬರ್!" ಎಂದು ಉತ್ಕರ್ಷ ಕೂಗುತ್ತಾರೆ. ವೈಷ್ಣವಿ ಓಡಿ ಬಂದು ಸುಣ್ಣದ ಕೈಗಳ ಸಮೇತ ಕಾಕುವನ್ನು ತಬ್ಬಿಕೊಳ್ಳುತ್ತಾಳೆ, ಅವಳ ನೀಲಿ ಕುರ್ತಾದ ಬೆನ್ನ ಮೇಲೆ ಹತ್ತು ಬೆರಳೂ ಮೂಡುತ್ತವೆ. ಉತ್ಕರ್ಷ ವಾಲ್ವಿನ ಪಕ್ಕದಿಂದ ಸರಿದು ದಾರಿ ಬಿಡುತ್ತಾರೆ. ಗುಂಡವ್ವ ಸೆರಗಿಗೆ ಕೈ ಒರೆಸಿಕೊಂಡು, ಚಕ್ರಕ್ಕೆ ಒಮ್ಮೆ ನಮಸ್ಕಾರ ಮಾಡಿ, ತಿರುಗಿಸುತ್ತಾರೆ. ನೀರು ಭರ್ರನೆ ಹೊರಡುತ್ತದೆ.

ಈಗೇನು ಆಸೆ ಎಂದು ಕೇಳಿದರೆ ಹೊಸ ಆಪರೇಟರ್ ಹರಿಯುವ ನೀರಿನಿಂದ ಕಣ್ಣು ಕೀಳದೆ ಹೇಳುತ್ತಾರೆ:

"ನಾಶಿಕದಾಗ ಬಿಟ್ಟ ನೀರೂ, ಇಲ್ಲಿ ಬಿಟ್ಟ ನೀರೂ ಕಡೀಕ ಗೋದಾವರಿಗೇ ಹೋಗ್ತಾವಂತ್ರಿ. ಅಲ್ಲಿ ಜಳಕಕ್ಕ ಮುಳುಗೋ ಮಂದಿಗೆ ಗುಂಡವ್ವ ಯಾರಂತ ಗೊತ್ತಾಗೋದು ಬ್ಯಾಡ. ಅವರ ಮೈ ಉರೀಬಾರದು. ಅಷ್ಟಾದ್ರ, ವಾಲ್ವ್ ಯಾರ ಕೈಯಾಗ ಅದ ಅಂತ ಆ ಗೋದಾವರಿ ಗಂಗವ್ವಗ ಗೊತ್ತಿರ್ತದ."