ಎಷ್ಟು ಬೆರಳು?

ಮನೆಯಷ್ಟೇ ದೊಡ್ಡದಾದ ಪ್ರವಾಸದ ಗಾಡಿಗಳಿಗೆ ಕನ್ನಡಿ, ಕ್ಯಾಮೆರಾ ಕೂರಿಸುವ ನಮ್ಮ ಬೀದಿಯ ಕನ್ನಡಿ ಮಾವನಿಗೆ ಎಷ್ಟು ಕನ್ನಡಿಯಿದ್ದರೂ ಸಾಲದು. ಬಿಟ್ಟರೆ ಕನ್ನಡಿಗೂ ಒಂದು ಕನ್ನಡಿ ಕೂರಿಸಿಯಾನು. "ಒಲೆ, ಮಂಚ ಎಲ್ಲಾ ಹೊತ್ಕೊಂಡು ಓಡಾಡ್ತೀರಿ, ಬೆನ್ನ ಹಿಂದೆ ಯಾರಿದ್ದಾರೋ ಗೊತ್ತಿರಲ್ಲ!" ಎಂದು ಗೊಣಗುತ್ತಲೇ ತಿರುಪು ಬಿಗಿಯುತ್ತಾನೆ. ಕೊನೆಗೆ ಮಾಲೀಕನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಗಾಡಿಯ ಕೀಯನ್ನು ತನ್ನ ಜೇಬಿಗಿಳಿಸಿ, ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಡಗೈ ಅಗಲಿಸಿ ಕೂಗುತ್ತಾನೆ: "ಎಷ್ಟು ಬೆರಳು, ಸ್ವಾಮೀ?" ಅವಸರದವರೆಲ್ಲ ನೋಡದೆಯೇ "ಐದು!" ಎನ್ನುತ್ತಾರೆ. ಮಾವ ನಕ್ಕು ಮತ್ತೆ ಸ್ಪ್ಯಾನರ್ ಹಿಡಿಯುತ್ತಾನೆ. ನಿಜವಾಗಿ ಕಂಡವರು ಮಾತ್ರ ದನಿ ತಗ್ಗಿಸಿ, "ಮೂರು" ಎನ್ನುತ್ತಾರೆ. ಉಳಿದೆರಡು, ಹಿಂದೆ ಯಾರೂ ಇಲ್ಲವೆಂದುಕೊಂಡು ಸ್ವಂತ ಅಣ್ಣನೇ ಗಾಡಿ ಹಿಂದಕ್ಕೆ ತೆಗೆದ ದಿನ ಹೋದವು. "ಭೇಷ್, ಇನ್ನು ಹೊರಡಿ!" ಎಂದು ಮಾವ ಅದೇ ಕೈಯಿಂದ ಕೀ ಕೊಡುತ್ತಾನೆ.