ಗಡಿಯಾರದವನಿಗೆ ಕೈ ಬರೆದ ಅತ್ತಿಗೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬೀದಿಯಲ್ಲಿ ಹಾಲಿನ ವ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪೂರ್ವದ ಕಿಟಕಿಗೆ ಒತ್ತಿ ಇಟ್ಟ ಮೇಜಿನ ಮುಂದೆ ಅತ್ತಿಗೆ ಕೂತಿದ್ದಾರೆ. ಒಂದು ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ನಾಲ್ಕೈದು ಕೂದಲಷ್ಟೇ ಉಳಿದಿರುವ ಕುಂಚ. ಅದರ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುತ್ತಾರೆ, ಬೂದುಬಣ್ಣದಲ್ಲಿ ಅದ್ದುತ್ತಾರೆ, ಉಸಿರು ಬಿಗಿಹಿಡಿದು ಒಂದೇ ಒಂದು ಚುಕ್ಕೆ ಇಡುತ್ತಾರೆ. ಅವರು ಒಬ್ಬ ಮನುಷ್ಯನ ಎಡಗೈಯನ್ನು ಅಳಿಸುತ್ತಿದ್ದಾರೆ.

"ಈ ಕೈ ಕೊಟ್ಟೋಳೂ ನಾನೇ, ಈಗ ಕಿತ್ಕೊಳ್ತಾ ಇರೋಳೂ ನಾನೇ" ಎನ್ನುತ್ತಾರೆ, ತಲೆ ಎತ್ತದೆ. "ಎಷ್ಟು ಚೆನ್ನಾಗಿ ಬಂದಿತ್ತು ನೋಡಿ. ಉಗುರು ಸಹ ಬರೆದಿದ್ದೆ."

ಕೆಲಸಕ್ಕೆ ಇದೇ ಹೊತ್ತು ಯಾಕೆ ಎಂದರೆ ಎರಡು ಕಾರಣ ಕೊಡುತ್ತಾರೆ. ಬಿಸಿಲೇರಿದರೆ ಕಾಗದ ಕಣ್ಣಿಗೆ ಕುಕ್ಕುತ್ತದೆ ಎನ್ನುವುದು ಮೊದಲನೆಯದು. ಅಷ್ಟು ಹೊತ್ತಿಗೆ ಮಹಡಿಯ ಮೇಲಿನ ರೇಡಿಯೋ ಎದ್ದುಬಿಡುತ್ತದೆ ಎನ್ನುವುದು ಎರಡನೆಯದು. ರೇಡಿಯೋ ಎಂದರೆ ಅವರ ಮೈದುನ.

ಮೈದುನನನ್ನು ಊರಲ್ಲಿ ಅರಿಯದವರಿಲ್ಲ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಡಲಿಲ್ಲ, ಹಾಗಾಗಿ ಚಿಕ್ಕವರು ದೊಡ್ಡವರೆಲ್ಲರಿಗೂ ಅವರು ಸೀಟಿ ಚಿಕ್ಕಪ್ಪ. ಪ್ರತಿ ಭಾನುವಾರ ಬೆಳಿಗ್ಗೆ ಹಳೆಯ ಬಸ್ ಡಿಪೋದ ಷೆಡ್ಡಿನಲ್ಲಿ ಜನ ಸೇರುತ್ತಾರೆ. ಮನೆಯ ಟ್ರಂಕಿನಿಂದ, ಗೋಡೆಯ ಕಟ್ಟಿನಿಂದ ಬಿಡಿಸಿ ತಂದ ಹಳೆಯ ಫೋಟೋಗಳು ಅಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತವೆ. ಕೆಡವಿದ ಚಿತ್ರಮಂದಿರ, ನೀರು ನುಗ್ಗಿದ ಬೀದಿ, ಮೊದಲ ಡಬಲ್ ಡೆಕ್ಕರ್ ಬಸ್ಸು, ಈಗ ಬರೀ ಕಾರು ನಿಲ್ಲುವ ಜಾಗವಾದ ಹಳೆಯ ಮಾರುಕಟ್ಟೆ. ಚಿಕ್ಕಪ್ಪ ಒಮ್ಮೆ ಸೀಟಿ ಊದಿ ಗದ್ದಲ ನಿಲ್ಲಿಸಿ ಮಾತಿಗೆ ನಿಂತರೆ ಮುಗಿಯಿತು, ಅಜ್ಜಿಯರು ಕಣ್ಣೊರೆಸಿಕೊಳ್ಳುತ್ತಾರೆ, ಅಜ್ಜಂದಿರು ಪಕ್ಕದವರ ತೊಡೆಗೆ ಹೊಡೆದು ನಗುತ್ತಾರೆ. ಕೊನೆಗೆ ಚಪ್ಪಾಳೆ.

ಆ ಚಪ್ಪಾಳೆಯ ಹೊತ್ತಿಗೆ ಅತ್ತಿಗೆ ಕೊನೆಯ ಸಾಲಿನಾಚೆ, ಪ್ರೊಜೆಕ್ಟರಿನ ಪಕ್ಕ, ಅದರ ಬಿಸಿಗಾಳಿಗೆ ಮುಖವೊಡ್ಡಿಕೊಂಡು ಕೂತಿರುತ್ತಾರೆ. ಗೋಡೆಯ ಮೇಲೆ ಬೀಳುವ ಒಂದೊಂದು ಚಿತ್ರವೂ ಅವರ ಕೈಯಿಂದ ಎದ್ದು ಬಂದದ್ದು. ಆರು ವರ್ಷಗಳಲ್ಲಿ ನೂರೈವತ್ತರ ಹತ್ತಿರ ಫೋಟೋಗಳು ಈ ಮೇಜನ್ನು ದಾಟಿವೆ. ಗೆದ್ದಲು ತಿಂದದ್ದು, ಮಡಚಿ ಮುರಿದದ್ದು, ಗಾಜಿಗೆ ಅಂಟಿ ಮುಖವೇ ಕಿತ್ತುಬಂದದ್ದು. ಮೂಲ ಚಿತ್ರವನ್ನು ಅವರು ಮುಟ್ಟುವುದಿಲ್ಲ. ಅದರ ಫೋಟೋ ತೆಗೆದು, ದೊರಗು ಕಾಗದದ ಮೇಲೆ ಅಚ್ಚು ಹಾಕಿಸಿ, ಹಾಳಾದ ಜಾಗವನ್ನೆಲ್ಲ ಕುಂಚದಲ್ಲಿ ತುಂಬುತ್ತಾರೆ. ಒಂದು ಚಿತ್ರಕ್ಕೆ ವಾರವೂ ಹಿಡಿಯಬಹುದು, ತಿಂಗಳೂ ಹಿಡಿಯಬಹುದು.

ಈ ವಿದ್ಯೆ ಮದುವೆಯ ಜೊತೆಗೇ ಬಂದದ್ದು. ಗಂಡನದು ಇದೇ ಮನೆಯ ಮುಂಭಾಗದಲ್ಲಿ ಸ್ಟುಡಿಯೋ. ಅವರು ಫೋಟೋ ತೆಗೆಯುತ್ತಿದ್ದರು, ಹೆಂಡತಿ ಒಳಕೋಣೆಯಲ್ಲಿ ಮದುಮಕ್ಕಳ ಮೊಡವೆ ಅಳಿಸುತ್ತಿದ್ದರು. "ಊರಿನ ಅರ್ಧ ಜನಕ್ಕೆ ಚೆಂದದ ಮೂಗು ಕೊಟ್ಟೋಳು ನಾನು. ಒಬ್ಬರಾದ್ರೂ ಬಂದು, ಅಮ್ಮಾ ನಮ್ಮ ಮೂಗಿಗೆ ನಿಮ್ಮ ಋಣ ಇದೆ ಅಂದ್ರಾ?" ಗಂಡ ತೀರಿಕೊಂಡ ಮೇಲೆ ಸ್ಟುಡಿಯೋ ಮುಚ್ಚಿತು. ಕುಂಚಗಳು ಡಬ್ಬಿಯಲ್ಲಿ ಉಳಿದವು.

ಆ ಡಬ್ಬಿಯನ್ನು ಮತ್ತೆ ತೆಗೆಸಿದವರು ಮೈದುನನೇ. ಅದನ್ನು ಅತ್ತಿಗೆ ಇಲ್ಲವೆನ್ನುವುದಿಲ್ಲ. ಆದರೆ ಒಪ್ಪಿಕೊಳ್ಳುವಾಗ ಬೇವು ಅಗಿದ ಮುಖ ಮಾಡುತ್ತಾರೆ.

"ಹೊಟ್ಟೆಕಿಚ್ಚು ಅಂತ್ಲೇ ಬರ್ಕೊಳ್ಳಿ" ಎಂದು ಪತ್ರಿಕೆಯಿಂದ ಬಂದವರಿಗೆ ಅವರೇ ಹೇಳಿಕೊಡುತ್ತಾರೆ. "ಬೇಜಾರು, ಕೊರಗು ಅಂತೆಲ್ಲ ನಯವಾಗಿ ಬರೀಬೇಡಿ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ನಮ್ಮನೇಲಿ ಕೆಸರಾಗೋದು ನನ್ನ ಕೈ, ಮೊಸರು ಬೀಳೋದು ಅವನ ಬಾಯಿಗೆ. ಎಲೆಮರೆಯ ಕಾಯಿ ಅಂತ ನನ್ನ ಬಗ್ಗೆ ಬರೀತೀರಂತೆ. ಬರೀರಿ, ಕಾಯಿ ನಾನೇ. ಆ ಎಲೆ ಯಾರು ಅನ್ನೋದನ್ನೂ ಬರೀರಿ."

ಎಲೆಗೆ ಈ ಮಾತು ಕೇಳಿಸಿರಬೇಕು. ಮೆಟ್ಟಿಲ ಮೇಲಿಂದ ಯಾರೋ ಕೆಮ್ಮುತ್ತಾರೆ.

ಈ ಉರಿಗೆ ದಿನವೂ ಸೌದೆ ಒದಗಿಸುವುದು ಮೊಬೈಲು. ಹಳೆಯ ಊರಿನ ಚಿತ್ರಗಳಿಗೆಂದೇ ಚಿಕ್ಕಪ್ಪ ಅದರಲ್ಲಿ ಒಂದು ಗುಂಪು ಕಟ್ಟಿದ್ದಾರೆ, ಸಾವಿರಾರು ಜನ ಇದ್ದಾರೆ. ಅತ್ತಿಗೆ ವಾರಗಟ್ಟಲೆ ಕೂತು ಎಬ್ಬಿಸಿದ ಚಿತ್ರವನ್ನು ಅವರು ಕ್ಷಣದಲ್ಲಿ ಹಾಕುತ್ತಾರೆ. "ಚಿಕ್ಕಪ್ಪ, ಎಂಥಾ ಚಿತ್ರ ಉಳಿಸಿಕೊಟ್ರಿ!" "ನಮ್ಮ ಊರಿನ ನೆನಪೇ ನೀವು!" ಎಂದು ಜನ ಬರೆಯುತ್ತಾರೆ. ಚಿಕ್ಕಪ್ಪ ಎಲ್ಲರಿಗೂ ಕೈ ಮುಗಿದ ಗುರುತು ಒತ್ತುತ್ತಾರೆ. ಅತ್ತಿಗೆ ಒಂದೂ ಬಿಡದೆ ಓದುತ್ತಾರೆ, ಓದಿ ಮೊಬೈಲನ್ನು ಮಗುಚಿ ಇಡುತ್ತಾರೆ, ಐದು ನಿಮಿಷ ಬಿಟ್ಟು ಮತ್ತೆ ತೆಗೆಯುತ್ತಾರೆ.

ಒಮ್ಮೆ ಭಾನುವಾರದ ಸಭೆಯಲ್ಲಿ ಯಾರೋ, ಇಷ್ಟು ಹಾಳಾದ ಫೋಟೋ ಹೇಗೆ ಸರಿಹೋಯಿತು ಎಂದು ಕೇಳಿದರು. "ನಮ್ಮನೇಲಿ ಒಬ್ರು ಸ್ವಲ್ಪ ತೇಪೆ ಹಾಕ್ತಾರೆ" ಎಂದು ಚಿಕ್ಕಪ್ಪ ಮುಂದಿನ ಕಥೆಗೆ ಹೋದರು. "ತೇಪೆಯಂತೆ! ಒಬ್ರಂತೆ!" ಎಂದು ಅತ್ತಿಗೆ ಇಂದಿಗೂ ಕುದಿಯುತ್ತಾರೆ. ಮರುದಿನ ಬೆಳಿಗ್ಗೆ ಸಕ್ಕರೆ ಹಾಕದ ಚಹಾ ಕೊಟ್ಟರಂತೆ. ಮಾತಿನ ಭರದಲ್ಲಿ ಅವನಿಗೆ ಅದೂ ಗೊತ್ತಾಗಲಿಲ್ಲ ಎನ್ನುವುದು ಇನ್ನೊಂದು ದೂರು.

ಹೀಗಿರುವಾಗ ಹಳೆಯ ಮಾರುಕಟ್ಟೆಯ ಆ ಚಿತ್ರ ಬಂತು. ಅಲ್ಲಿ ದಾರದ ಅಂಗಡಿ ಇಟ್ಟಿದ್ದವರ ಮನೆಯಲ್ಲಿ ನೇತುಹಾಕಿದ್ದು. ಗಡಿಯಾರ ಗೋಪುರದ ಕೆಳಗೆ ಮಾರುಕಟ್ಟೆಯ ಕೆಲಸಗಾರರು ಸಾಲಾಗಿ ನಿಂತಿದ್ದಾರೆ. ತುದಿಯಲ್ಲಿ ನಿಂತವನು ಗಡಿಯಾರಕ್ಕೆ ಕೀಲಿ ಕೊಡುವವನು, ಎದೆಯ ಮೇಲಿನ ಬಿಲ್ಲೆಯಿಂದ ಅಷ್ಟು ತಿಳಿಯುತ್ತದೆ. ಕಟ್ಟಿನೊಳಗೆ ನೀರಿಳಿದು ಅವನ ಎಡ ಮೊಣಕೈಯಿಂದ ಕೆಳಗೆ ಚಿತ್ರವೇ ಇರಲಿಲ್ಲ, ಬರೀ ಬಿಳಿ ಕಲೆ.

ಇಲ್ಲದ್ದನ್ನು ಎಲ್ಲಿಂದ ತರುತ್ತಾರೆ? "ಇದ್ದೋರಿಂದ" ಎಂದು ಅತ್ತಿಗೆ ನಗುತ್ತಾರೆ. ಹಿಂದೆ ಸರಿಪಡಿಸಿದ ಚಿತ್ರವೊಂದರಲ್ಲಿ ಬ್ಯಾಂಡಿನ ಯಜಮಾನನ ಕಿವಿ ಅವರ ಮನೆಗೆ ಬರುವ ಅಂಚೆಯವನದು. ಶಾಲೆಯ ಮೇಷ್ಟರ ಗಲ್ಲ ಪಕ್ಕದ ಮನೆಯವರದು. ಗಡಿಯಾರದವನಿಗೆ ಒಂದು ಎಡಗೈ ಬೇಕಾದಾಗ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದವರು ಮೈದುನ. ಅವರ ಎಡಗೈಯನ್ನೇ ನೋಡಿ ಬರೆದರು. ಬಸ್ಸಿನ ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ಕಿರುಬೆರಳನ್ನೂ ಬಿಡಲಿಲ್ಲ.

ಕಳೆದ ತಿಂಗಳ ಒಂದು ಭಾನುವಾರ ಆ ಕೈ ಡಿಪೋದ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ ಬಿತ್ತು. ಚಿಕ್ಕಪ್ಪ ಅದರ ಕೆಳಗೆ ನಿಂತು ಸೀಟಿ ಊದಿದರು. "ನೋಡಿ ಈ ಕೈನ! ಈ ಊರಿಗೆ ಹೊತ್ತು ಹುಟ್ಟಿಸಿದ ಕೈ ಇದು. ಈ ಕೈ ಕೀಲಿ ಕೊಡದೆ ಒಂದು ಅಂಗಡಿ ತೆರೀಲಿಲ್ಲ, ಒಂದು ಬಸ್ಸು ಹೊರಡಲಿಲ್ಲ. ದುಡಿದು ದುಡಿದು ಬೆರಳು ಹೇಗೆ ಸೊಟ್ಟಗಾಗಿದೆ ನೋಡಿ." ಜನ ಅಯ್ಯೋ ಎಂದರು. ತನ್ನದೇ ಕೈಯನ್ನು ತಾನೇ ಹೊಗಳಿಕೊಳ್ಳುತ್ತಿರುವುದು ಆ ಮನುಷ್ಯನಿಗೆ ತಿಳಿದಿರಲಿಲ್ಲ. ಕೊನೆಯ ಸಾಲಿನಾಚೆ ಅತ್ತಿಗೆಗೆ ನಗುವೂ ಬಂತು, ಮೈಯೆಲ್ಲ ಉರಿಯೂ ಎದ್ದಿತು. ಬರೆದದ್ದು ತಾನು, ಬರೆಸಿಕೊಂಡದ್ದೂ ಅವನೇ, ಹೊಗಳಿಸಿಕೊಳ್ಳುವುದೂ ಅವನೇ.

ಆಗ ನಡುಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. "ಅವರು ನಮ್ಮಪ್ಪ" ಎಂದರು. "ಅಪ್ಪನಿಗೆ ಆ ಕೈ ಇರ್ಲೇ ಇಲ್ಲ."

ಆಕೆ ನಿಧಾನವಾಗಿ ಹೇಳಿದರು. ಗೋಪುರದೊಳಗೆ ಗಡಿಯಾರದ ತೂಕದ ಗುಂಡು ಇಳಿಯುವ ಸರಪಳಿಗೆ ಸಿಕ್ಕಿ ಕೈ ಹೋಯಿತು. ಆಮೇಲೂ ಅಪ್ಪ ಒಂದೇ ಕೈಯಲ್ಲಿ, ಮೊಣಕಾಲು ಒತ್ತಿ ಹಿಡಿದು, ಕೀಲಿ ಕೊಟ್ಟರು. "ಊರಿಗೆಲ್ಲ ಗಡಿಯಾರ ಕಾಣ್ತಿತ್ತು. ಒಳಗಿದ್ದೋರು ಯಾರಿಗೆ ಕಾಣ್ತಾರೆ? ಅಪ್ಪ ತೆಗೆಸಿಕೊಂಡ ಫೋಟೋ ಇದೊಂದೇ. ಅಂಗಿಯ ಖಾಲಿ ತೋಳನ್ನ ಮುಂದೆ ಮಾಡಿ ನಿಂತಿದ್ರು, ಬೇಕು ಅಂತ್ಲೇ. ಅದಕ್ಕೆ ಕೈ ಹಚ್ಚಿಬಿಟ್ರಲ್ಲ."

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಚಿಕ್ಕಪ್ಪ ಅರೆಗಳಿಗೆಯಲ್ಲಿ ಸಾವರಿಸಿಕೊಂಡು ಕೈ ಜೋಡಿಸಿದರು. "ತಪ್ಪು ನಂದಮ್ಮಾ. ತಿಳೀದೆ ಮಾತಾಡಿದೆ, ಹೊಟ್ಟೆಗೆ ಹಾಕ್ಕೊಳ್ಳಿ." ಎಂಥ ದೊಡ್ಡ ಮನಸ್ಸು ಎಂದು ಯಾರೋ ಉದ್ಗರಿಸಿದರು. ಒಬ್ಬರು ಚಪ್ಪಾಳೆ ತಟ್ಟಿದರು. ನೋಡನೋಡುತ್ತ ಇಡೀ ಷೆಡ್ಡು ತಟ್ಟಿತು.

"ಅಲ್ಲಿ ನನಗೆ ತಡೀಲಿಲ್ಲ" ಎನ್ನುತ್ತಾರೆ ಅತ್ತಿಗೆ, ಕುಂಚ ಕೆಳಗಿಟ್ಟು. "ನಾನು ಮಾಡಿದ ಕೆಲಸಕ್ಕೆ ಚಪ್ಪಾಳೆ ತಗೊಂಡ, ತಗೊಳ್ಳಲಿ. ನಾನು ಮಾಡಿದ ತಪ್ಪಿಗೂ ಚಪ್ಪಾಳೆ ಅವನಿಗೇನಾ? ತಪ್ಪಾದ್ರೂ ನಂದು ಅಂತ ಇರ್ಬೇಡ್ವಾ?"

ಆರು ವರ್ಷಗಳಲ್ಲಿ ಮೊದಲ ಸಲ ಅವರು ಆ ಸಭೆಯಲ್ಲಿ ಎದ್ದು ನಿಂತರು. "ಆ ಕೈ ಬರೆದೋಳು ನಾನು. ನೋಡಿ ಬರೆದಿದ್ದು ಇವನ ಕೈನ. ಕಿರುಬೆರಳು ನೋಡಿ ಬೇಕಾದ್ರೆ." ಜನರೆಲ್ಲ ಗೋಡೆ ನೋಡಿದರು, ಚಿಕ್ಕಪ್ಪನ ಜೋಡಿಸಿದ ಕೈ ನೋಡಿದರು, ಗೊಳ್ಳೆಂದು ನಕ್ಕರು. ಚಿಕ್ಕಪ್ಪ ತಮ್ಮ ಕಿರುಬೆರಳನ್ನು ಮೊದಲ ಸಲ ಕಂಡವರಂತೆ ನೋಡಿಕೊಂಡರು.

ನಗದೆ ಇದ್ದವರು ಗಡಿಯಾರದವನ ಮಗಳೊಬ್ಬರೇ. ಆಕೆ ಹಿಂದಕ್ಕೆ ತಿರುಗಿ ಕೇಳಿದರು: "ಅಲ್ಲಿ ಕೈ ಇತ್ತು ಅಂತ ನಿಮಗೆ ಯಾಕಮ್ಮ ಅನ್ನಿಸ್ತು?"

"ಎಲ್ಲರಿಗೂ ಇರುತ್ತಲ್ಲ ಅಂತ" ಎಂದರು ಅತ್ತಿಗೆ. ಅದನ್ನು ಹೇಳುವಾಗಲೇ ನಾಚಿಕೆಯಾಯಿತಂತೆ. ಮದುಮಕ್ಕಳ ಮೂಗು ತಿದ್ದಿದ ಕೈಗೆ ಎಲ್ಲರನ್ನೂ ಸರಿ ಮಾಡುವ ಚಟ ಹತ್ತಿಬಿಟ್ಟಿದೆ, ಯಾರನ್ನೂ ಕೇಳದೆ ಬರೆದುಬಿಟ್ಟೆ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಮರುದಿನ ಮಗಳು ಮನೆ ಹುಡುಕಿಕೊಂಡು ಬಂದರು. ಮಹಡಿಗೆ ಹೋಗಲಿಲ್ಲ, ನೇರ ಈ ಮೇಜಿನ ಬಳಿ ಬಂದು ಕೂತರು. ಅಪ್ಪನ ತೋಳು ಹೇಗಿತ್ತು, ಅಂಗಿಯ ತುದಿಯನ್ನು ಅಮ್ಮ ಹೇಗೆ ಮಡಚಿ ಹೊಲಿಯುತ್ತಿದ್ದರು ಎಂದು ತಮ್ಮ ತೋಳಿನ ಮೇಲೆ ತೋರಿಸಿಕೊಟ್ಟರು. ಹೋಗುವಾಗ ಒಂದು ಮಾತು ಹೇಳಿದರು. ಸರಿಮಾಡಿದ ಚಿತ್ರ ಗೋಡೆಗೆ ಬೀಳುವ ದಿನ ಅದರ ಮುಂದೆ ನಿಂತು ಮಾತಾಡಬೇಕಾದವರು ಅದನ್ನು ಬರೆದವರು, ಬೇರೆ ಯಾರೂ ಅಲ್ಲ.

ಆ ದಿನ ಈ ಭಾನುವಾರ. ಅದಕ್ಕೇ ಅತ್ತಿಗೆಗೆ ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆಯಿಲ್ಲ. "ಖಾಲಿ ತೋಳು ಬರೆಯೋದು ಕೈ ಬರೆಯೋದಕ್ಕಿಂತ ಕಷ್ಟ. ಮಾತಾಡೋದು ಅದಕ್ಕಿಂತ ಕಷ್ಟ. ಇಷ್ಟು ದಿನ ಅವನ ಮೇಲೆ ಉರ್ಕೊಂಡು ಹಾಯಾಗಿದ್ದೆ, ಈಗ ನಾನೇ ನಿಲ್ಬೇಕು."

ಕಿಟಕಿಗೆ ಬಿಸಿಲು ಬರುವ ಹೊತ್ತಿಗೆ ರೇಡಿಯೋ ಮೆಟ್ಟಿಲಿಳಿದು ಬರುತ್ತದೆ, ಆಶ್ಚರ್ಯವೆಂದರೆ ಸದ್ದಿಲ್ಲದೆ. ಸೀಟಿ ಚಿಕ್ಕಪ್ಪ ಅತ್ತಿಗೆಯ ಹೆಗಲ ಮೇಲಿಂದ ಬಗ್ಗಿ ಚಿತ್ರ ನೋಡುತ್ತಾರೆ. ಕೈ ಇದ್ದಲ್ಲಿ ಈಗ ಮಡಚಿ ಹೊಲಿದ ತೋಳು. "ನನ್ನ ಕೈ ತೆಗೆದೇಬಿಟ್ರಾ ಅತ್ತಿಗೆ?" ಎನ್ನುತ್ತಾರೆ. ಆಮೇಲೆ ಕೊರಳಿನ ಸೀಟಿ ಬಿಚ್ಚಿ ಕುಂಚದ ಡಬ್ಬಿಯ ಪಕ್ಕ ಇಡುತ್ತಾರೆ. "ಭಾನುವಾರಕ್ಕೆ ಇಟ್ಕೊಳ್ಳಿ. ಜೋರಾಗಿ ಊದಿ, ಇಲ್ದಿದ್ರೆ ಹಿಂದಿನ ಸಾಲಿನೋರು ಸುಮ್ನಾಗಲ್ಲ."

"ಹಿಂದಿನ ಸಾಲಿನ ವಿಷಯ ನನಗೆ ಹೇಳ್ಬೇಡ" ಎಂದು ಅತ್ತಿಗೆ ಗದರುತ್ತಾರೆ. ಸೀಟಿಯನ್ನು ಮಾತ್ರ ಸೆರಗಿನಲ್ಲಿ ಒರೆಸಿ ಒಳಗಿಟ್ಟುಕೊಳ್ಳುತ್ತಾರೆ.

ಚಿಕ್ಕಪ್ಪ ಮಹಡಿ ಹತ್ತಿ ಹೋದ ಮೇಲೆ ಅತ್ತಿಗೆಯನ್ನು ಕೇಳಿದರೆ, ಆಸೆ ಎಂದು ಇರುವುದು ಒಂದೇ. ಶಾಲು, ಹಾರ ಬೇಡ. ಹೆಸರು ಸಹ ಬೇಡ.

"ಅವತ್ತು ಅವನು ಮುಂದಿನ ಸಾಲಲ್ಲಿ ಬಾಯಿ ಮುಚ್ಕೊಂಡು ಕೂತಿರ್ಬೇಕು. ಜನ ನನಗೆ ಚಪ್ಪಾಳೆ ತಟ್ಟುವಾಗ ಅವನಿಗೆ ಹೊಟ್ಟೆ ಉರೀಬೇಕು. ಜಾಸ್ತಿ ಬೇಡ, ನಾನು ಮದುವೆಯಾಗಿ ಬಂದಾಗ ಇಷ್ಟುದ್ದ ಇದ್ದ, ನಾನೇ ತುತ್ತು ಕೊಟ್ಟು ಬೆಳೆಸಿದ್ದು. ಒಂದು ರಾತ್ರಿ ನಿದ್ದೆ ಬರದಷ್ಟು ಉರಿದ್ರೆ ಸಾಕು."