ಮಸಾಲೆಗೆ ಕಾದ ಮೂಗು

ಆಪರೇಶನ್ನಿನ ನಂತರ ಮೂಗಿನೊಳಗೆ ತುರುಕಿದ್ದ ಬತ್ತಿಯನ್ನು ಡಾಕ್ಟರು ಎಳೆದಾಗ ಅದು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ತಲೆಯೊಳಗಿಂದ ಯಾರೋ ಒಂದು ಪೂರ್ತಿ ಧೋತರವನ್ನು ಹೊರಗೆಳೆಯುತ್ತಿದ್ದಂತಿತ್ತು. ಆಮೇಲೆ ಅವರು, "ಈಗ ಬಾಯಿ ಮುಚ್ಚಿ ಮೂಗಿಲೆ ಉಸರ ತಗೋರಿ" ಎಂದರು. ತಗೊಂಡೆ. ಗಾಳಿ ತಣ್ಣಗೆ, ಎಲ್ಲೂ ತಡೆಯದೆ ಒಳಗೆ ಹೋಯಿತು. ನಲವತ್ತು ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಎರಡೂ ಹೊಳ್ಳೆಗಳಿಂದ ಉಸಿರಾಡಿದೆ ಎಂದು ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ. ಮೊದಲ ಸಲ ಎಂಬುದು ಸುಳ್ಳಿರಬೇಕು. ಚಿಕ್ಕವಳಿದ್ದಾಗ ಹಾಗೆ ಉಸಿರಾಡಿದ್ದು ನೆನಪಿಲ್ಲ, ಅಷ್ಟೆ.

ಡಾಕ್ಟರು ಹತ್ತಿಗೆ ಸ್ಪಿರಿಟ್ ಹಚ್ಚಿ ಮೂಗಿನ ಹತ್ತಿರ ಹಿಡಿದರು. ಏನೂ ಬರಲಿಲ್ಲ. ತಲೆ ಅಲ್ಲಾಡಿಸಿದೆ.

"ಬಾವು ಇಳೀಬೇಕು, ಒಳಗಿನ ಪೊರೆ ಮಾಯಬೇಕು. ಸಾವಕಾಶ ಬರ್ತದ."

ಪಕ್ಕದಲ್ಲಿದ್ದ ನನ್ನ ಗಂಡ ಕೇಳಿದ: "ಪೂರ್ತಿ ಬರ್ತದಲ್ರಿ?"

"ಬರಬೇಕು. ನೋಡೂಣು."

ಆ "ನೋಡೂಣು" ನನ್ನ ಜೊತೆ ಮನೆಗೆ ಬಂತು. ಗಂಟಲ ನೋವು ನುಂಗಿದಾಗಲೆಲ್ಲ ಕಿವಿಯವರೆಗೆ ಏರುತ್ತಿತ್ತು. ಟಾನ್ಸಿಲ್ ತೆಗೆದ ಜಾಗದಲ್ಲಿ ಬಿಳಿ ಪೊರೆ ಕಟ್ಟಿತ್ತು. ಮಕ್ಕಳಾದರೆ ಐಸ್‌ಕ್ರೀಮ್ ತಿಂದು ಬೇಗ ಎದ್ದು ಓಡಾಡುತ್ತಾರಂತೆ; ದೊಡ್ಡವರಿಗೆ ವಾರಗಟ್ಟಲೆ ಬೇಕು. ಇದೆಲ್ಲ ಮೊದಲೇ ಹೇಳಿದ್ದರು, ಒಪ್ಪಿಕೊಂಡೇ ಮಲಗಿದ್ದೆ. ವರ್ಷಗಟ್ಟಲೆ ಬಾಯಿ ತೆರೆದು ನಿದ್ದೆ ಮಾಡಿ, ವರ್ಷಕ್ಕೆ ನಾಲ್ಕಾರು ಸಲ ಗಂಟಲು ಬಾತು, ಪಾಠದ ನಡುವೆ ದನಿ ಕೂತು ಸಾಕಾಗಿತ್ತು. ಮೂಗು, ಟಾನ್ಸಿಲ್ ಎರಡನ್ನೂ ಒಮ್ಮೆಲೇ ಮುಗಿಸಿಬಿಡಿ ಎಂದಿದ್ದೆ. ವಾಸನೆಯ ವಿಷಯ ಮಾತ್ರ ಆಗ ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಅಕ್ಕಲಕೋಟೆಯಿಂದ ವೈನಿಯ, ಎಂದರೆ ನನ್ನ ಅಣ್ಣನ ಹೆಂಡತಿಯ, ಫೋನು ಬಂದಾಗ.

"ಬಾಯಾರ, ಮೆಣಸಿನಕಾಯಿ ಬಿಸಲಿಗೆ ಹಾಕೀನಿ. ನಿಮ್ಮ ಮೂಗ ಯಾವಾಗ ಬರ್ತದ?" ಗಂಡನ ತಂಗಿಯಾದ ನನ್ನನ್ನು ಅವಳು ಬಾಯಾರ ಎಂದೇ ಕರೆಯುತ್ತಾಳೆ.

ನನ್ನ ತವರಿನಲ್ಲಿ ಇಡೀ ವರ್ಷಕ್ಕಾಗುವ ಮಸಾಲೆಯನ್ನು ಬೇಸಿಗೆಯಲ್ಲಿ, ಮಿರಗದ, ಎಂದರೆ ಮೃಗಶಿರಾ ಮಳೆ ಬರುವ ಮೊದಲು ಮಾಡಿಡುತ್ತಾರೆ. ಎಲ್ಲ ಮನೆಗಳಲ್ಲೂ ಮಾಡುತ್ತಾರೆ. ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಹುರಿಯುವವಳು ಒಬ್ಬಳು, ವಾಸನೆ ನೋಡುವವಳು ಇನ್ನೊಬ್ಬಳು. ಒಲೆಯ ಮುಂದೆ ಕೂತವಳ ಮೂಗು ಹೊಗೆಗೆ ಮಂದವಾಗುತ್ತದೆ ಎಂಬ ನಂಬಿಕೆ. ಅದಕ್ಕೆ ಇನ್ನೊಬ್ಬಳು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲಬೇಕು. ಬಾಣಲೆಯೊಳಗೆ ನೋಡಬಾರದು, ಏನನ್ನೂ ಮುಟ್ಟಬಾರದು. ಕೊತ್ತಂಬರಿ ಬೀಜವೋ ಒಣಕೊಬ್ಬರಿಯೋ ಹದಕ್ಕೆ ಬಂದ ವಾಸನೆ ತಾಕಿದ ಕೂಡಲೆ "ಬಂತು" ಅನ್ನಬೇಕು. ಹುರಿಯುವವಳು ಆಗ ಇಳಿಸುತ್ತಾಳೆ. ಹೊಸ್ತಿಲಲ್ಲಿ ನಿಲ್ಲುವುದು ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳ ಪಾಲು. ಮೊದಲು ಅವ್ವ ನಿಲ್ಲುತ್ತಿದ್ದಳು, ಏಕೆಂದರೆ ನಮಗೆ ಸೋದರತ್ತೆ ಇರಲಿಲ್ಲ. ಅವ್ವ ತೀರಿದ ಮೇಲೆ ನಾನು. ಸೊಲ್ಲಾಪುರಕ್ಕೆ ಮದುವೆಯಾಗಿ ಬಂದು ಇಷ್ಟು ವರ್ಷವಾದರೂ, ತವರಿನಲ್ಲಿ ನನಗೆ ಉಳಿದಿರುವ ಕೆಲಸ ಅದೊಂದೇ. ಮಿಕ್ಕ ದಿನಗಳಲ್ಲಿ ನಾನು ಅಲ್ಲಿ ಚಹ ಕುಡಿಯುವ ಅತಿಥಿ.

ವಾಸನೆ ಬರದಿದ್ದರೆ? ಯಾರನ್ನೂ ಕೇಳಲಿಲ್ಲ. ಕೇಳಲು ಗಂಟಲೂ ಇರಲಿಲ್ಲ.

ಸೊಲ್ಲಾಪುರದ ನಮ್ಮ ಮನೆಯ ಗಲ್ಲಿಯಲ್ಲಿ ಖಾರ ಕುಟ್ಟುವ ಗಿರಣಿ ಇದೆ. ಬೇಸಿಗೆಯಲ್ಲಿ ಆ ಗಲ್ಲಿಗೆ ಕಾಲಿಟ್ಟವರೆಲ್ಲ ಸೀನುತ್ತಾರೆ. ನಾನು ಸೀನಬಾರದು, ಸೀನು ಬಂದರೂ ಬಾಯಿ ತೆರೆದೇ ಸೀನಬೇಕು ಎಂದು ಡಾಕ್ಟರು ಹೇಳಿದ್ದರು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಖಾರ. ಮೊದಲ ವಾರಗಳನ್ನು ಹೇಗೋ ಕಳೆದ ಮೇಲೆ ಡಾಕ್ಟರು ಇನ್ನೊಮ್ಮೆ ನೋಡಿ, ಪ್ರಯಾಣ ಮಾಡಬಹುದು ಎಂದರು. ಗಂಡ ಟಾವೆಲ್ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ನನ್ನನ್ನು ಕಾರಿನಲ್ಲಿ ಅಕ್ಕಲಕೋಟೆಗೆ ಕರೆದೊಯ್ದ. ಅಣ್ಣನ ಮನೆ ಊರಿನ ಅಂಚಿನಲ್ಲಿದೆ, ಅದರಾಚೆ ಅವನ ಹೊಲ. ಅಲ್ಲಿ ಗಾಳಿ ಚೊಕ್ಕ.

ನನ್ನನ್ನು ಅಲ್ಲಿ ಬಿಟ್ಟು ಹೊರಡುವಾಗ ಗಂಡ ಅಂಗಡಿಯ ನಮೂನೆಯ ಚಿಕ್ಕ ಟಾವೆಲ್ಲೊಂದನ್ನೂ ಬಳಪದಲ್ಲಿ ಬರೆಯುವ ಒಂದು ಪಾಟಿಯನ್ನೂ ಕೊಟ್ಟ. "ಮಾತಾಡಬ್ಯಾಡ, ಬರಿ. ಟಾವೆಲ್ಲಿಂದ ಒರಸು. ಹದಿನಾಲ್ಕ ವರ್ಷಕ್ಕ ಮೊದಲನೇ ಸಲ ನನಗ ಶಾಂತಿ ಸಿಕ್ಕದ" ಎಂದ. ಪಾಟಿಯ ಮೇಲೆ ನಾನು ಬರೆದದ್ದನ್ನು ಇಲ್ಲಿ ಬರೆಯಲಾರೆ.

ಅಣ್ಣನ ಮನೆಯಲ್ಲಿ ಪಾಟಿಗೆ ಎರಡು ಮುಖವಾದವು. ಅಣ್ಣನಿಗೂ ಭಂಡಾರಕವಠೆಯ ಕನ್ನಡ ಸಾಲಿಯಲ್ಲಿ ಕಲಿತ ವೈನಿಗೂ ಒಂದು ಬದಿ ಕನ್ನಡದಲ್ಲಿ ಬರೆಯುತ್ತಿದ್ದೆ. ಅವರ ಮಗಳು ಕಾಲೇಜಿಗೆ ಹೋಗುವವಳು, ಮನೆಯಲ್ಲಿ ಕನ್ನಡ ಮಾತಾಡಿದರೂ ಓದುವುದು ಮರಾಠಿ ಮಾತ್ರ. ಅವಳಿಗೆ ಇನ್ನೊಂದು ಬದಿ. ಒಂದೇ ಮಾತನ್ನು ಎರಡು ಸಲ ಬರೆಯುವಷ್ಟರಲ್ಲಿ ಅದು ಹೇಳಬೇಕಾದಷ್ಟು ದೊಡ್ಡ ಮಾತಲ್ಲ ಎಂದು ತಿಳಿದುಬಿಡುತ್ತಿತ್ತು. ಟಾವೆಲ್ ಒಣಗಿದ್ದರೆ ಬಳಪ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದ ಗಂಜಿಯ ಲೋಟದಲ್ಲೇ ಅದರ ತುದಿ ಅದ್ದಿ ಒರೆಸುತ್ತಿದ್ದೆ.

ಗಂಜಿ, ಅಂಬಲಿ, ಹಿಚುಕಿದ ಅನ್ನ ನನ್ನ ಊಟ. ಅವರೆಲ್ಲ ಕಡಕ್ ರೊಟ್ಟಿ ಮುರಿಯುವಾಗ ಆ ಸದ್ದಿಗೇ ನನ್ನ ಗಂಟಲ ಗಾಯ ನೆನಪಾಗುತ್ತಿತ್ತು.

"ಇಷ್ಟ ದೊಡ್ಡಾಕಿ ಆಗಿ ಟಾನ್ಸಿಲ್ ಏನವ್ವಾ," ಎಂದು ಅಣ್ಣ ನಗುತ್ತಿದ್ದ. "ಮುಂದಿನ ವರ್ಷ ಹಾಲಹಲ್ಲು ಬೀಳ್ತಾವ ನೋಡು."

ಸೊಸೆಗೆ, ಅಂದರೆ ಅಣ್ಣನ ಮಗಳಿಗೆ, ನನ್ನ ಮೂಗು ಒಂದು ಆಟವಾಯಿತು. ಅತ್ತೆಯಾದ ನನಗೆ "ಆತ್ಯಾ, ಡೋಳೆ ಮಿಟ್" ಎಂದು ಮರಾಠಿಯಲ್ಲಿ ಹೇಳಿ ಕಣ್ಣು ಮುಚ್ಚಿಸಿ ಏನೇನೋ ಹಿಡಿಯುತ್ತಿದ್ದಳು. ಕಾಫಿಪುಡಿ, ನುಸಿಗುಳಿಗೆ, ತನ್ನ ಸೆಂಟು. ಒಂದು ಸಲ ನಾನು ಇಂಗು ಎಂದು ಸರಿಯಾಗಿ ಹೇಳಿದೆ. ಅವಳು ಕುಣಿದಾಡಿ ಅಪ್ಪನನ್ನು ಕರೆಯಲು ಓಡಿದಳು. ನನಗೆ ಖುಷಿಯಾಗಲಿಲ್ಲ. ಇಂಗಿನ ಡಬ್ಬಿಯ ಮುಚ್ಚಳ ಬಿಗಿ. ಅದು ಬಿಚ್ಚುವಾಗ ಮಾಡುವ ಸದ್ದು ಆ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ನಾನು ಮೂಸಿ ಹೇಳಿದೆನೋ ಕೇಳಿ ಹೇಳಿದೆನೋ? ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಪ್ರತಿವರ್ಷ ಹೇಳುವವಳು, ಆ ಸಂಜೆ ದಿನಚರಿಯಲ್ಲಿ "ಇಂಗು" ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದೆ.

ದಿನಾ ಮಧ್ಯಾಹ್ನ ಮೋಡ ಕಟ್ಟತೊಡಗಿತು. ಮೆಣಸಿನಕಾಯಿ ಒಣಗಿ ಗಲಗಲ ಅನ್ನುತ್ತಿತ್ತು. ವೈನಿ ಮಸಾಲೆ ಹುರಿಯುವ ದಿನ ಮುಂದೂಡುತ್ತಲೇ ಇದ್ದಳು. ಕೊನೆಗೆ ನಾನೇ ಪಾಟಿಯ ಮೇಲೆ ಬರೆದೆ: "ನಾಳೆ ಮಾಡ್ರಿ. ನಿಮ್ಮ ಮಗಳನ್ನ ನಿಲ್ಲಿಸ್ರಿ."

ವೈನಿ ಓದಿ ಪಾಟಿಯನ್ನು ಬೋರಲು ಹಾಕಿದಳು. "ಆಕಿ ನಿಂತ್ರ ಮ್ಯಾಗಿ ವಾಸನಿ ಒಂದ ಗೊತ್ತ ಆಗ್ತದ. ನೀವ ನಿಂದರ್ರಿ. ಬರ್ಲಿ, ಬಿಡ್ಲಿ."

ಖಾರದ ಘಾಟು ನನಗೆ ತಾಕದಿರಲೆಂದು ಮೆಣಸಿನಕಾಯಿಯನ್ನು ಪಕ್ಕದ ಮನೆಯಲ್ಲಿ ಹುರಿಸಿದಳು. ಮರುದಿನ ಮಿಕ್ಕ ಮಸಾಲೆಗಳಿಗೆ ಬಾಣಲೆ ಇಟ್ಟಳು. ನಾನು ಹೊಸ್ತಿಲಲ್ಲಿ ಬೆನ್ನು ತಿರುಗಿಸಿ ನಿಂತೆ. ಎದುರಿಗೆ ಅಂಗಳ. ಹಿಂದೆ ಸೌಟಿನ ಸದ್ದು. ಅವ್ವ ಹೀಗೇ ನಿಲ್ಲುತ್ತಿದ್ದಳು: ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಕಣ್ಣು ಮುಚ್ಚಿ. ನಾನೂ ಚೌಕಟ್ಟು ಹಿಡಿದು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಬಂತು. ಮಂದವಾಗಿ ಅಲ್ಲ, ಪೂರ್ತಿಯಾಗಿ. ಮಳೆಗೆ ನೆನೆದ ಹಳೆಯ ಗೋಡೆಯಂಥ, ಆಳವಾದ ಕಲ್ಲುಹೂವಿನ ವಾಸನೆ. ನಮ್ಮಲ್ಲಿ ಅದಕ್ಕೆ ದಗಡಫೂಲ ಅನ್ನುತ್ತಾರೆ. ನಮ್ಮ ಮಸಾಲೆಯ ಜೀವವೇ ಅದು. ಕಣ್ಣಲ್ಲಿ ನೀರು ಬಂತು. ವಾರಗಳ ನಂತರ ಮೊದಲ ಸಲ ದನಿ ಎತ್ತಿ ಕೂಗಿದೆ:

"ಬಂತು! ವೈನಿ, ದಗಡಫೂಲಿನ ವಾಸನಿ ಬಂತು!"

ಸೌಟು ನಿಂತಿತು.

"ಅಯ್ಯ ಬಾಯಾರ," ಎಂದಳು ವೈನಿ. "ದಗಡಫೂಲ ಇನ್ನಾ ಹಾಕೇ ಇಲ್ಲ. ಪುಡಿಕ್ಯಾಗ ಕಟ್ಟೇ ಅದ, ನೋಡ್ರಿ."

ತಿರುಗಿ ನೋಡಿದೆ. ಅವಳ ಕೈಯಲ್ಲಿ ದಾರ ಬಿಚ್ಚದ ಪೊಟ್ಟಣ. ಬಾಣಲೆಯಲ್ಲಿ ಕೊತ್ತಂಬರಿ ಬೀಜ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗು ಹೊರಬಂತು. ವೈನಿಯೂ ನಕ್ಕಳು. ನಾನೂ ನಗಲು ಹೋಗಿ ಗಂಟಲು ಹಿಡಿದುಕೊಂಡೆ. ಆ ಗದ್ದಲದಲ್ಲಿ ಬಾಣಲೆಯನ್ನು ಯಾರೂ ನೋಡಲಿಲ್ಲ. ನೋಡುವಷ್ಟರಲ್ಲಿ ಕೊತ್ತಂಬರಿ ಕಪ್ಪಾಗಿತ್ತು. ಹೊಗೆ ನನಗೆ ಕಂಡಿತೇ ಹೊರತು ತಾಕಲಿಲ್ಲ.

ಅಷ್ಟೂ ಕೊತ್ತಂಬರಿಯನ್ನು ಹಿತ್ತಲಿಗೆ ಚೆಲ್ಲಿದರು. ಹೊಸದನ್ನು ತಂದು, ಹಸನು ಮಾಡಿ, ಇನ್ನೊಂದು ದಿನ ಹುರಿಯಬೇಕು. ವೈನಿ ಕಪ್ಪಾದ ಬಾಣಲೆ ತಿಕ್ಕುತ್ತ ಕೂತಳು. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಊಟಕ್ಕೆ ಬಂದ ಅಣ್ಣ ಕಥೆ ಕೇಳಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅವ್ವಂದೂ ಇದ ಹಣೇಬಾರ ಇತ್ತಲ್ಲ. ಆಕಿ ಮೂಗ ಯಾವಾಗ ಬಿಚ್ಚಿತ್ತು? ವರ್ಷಪೂರ್ತಿ ನೆಗಡಿ. ಸುಮ್ನ ನಿಂತು 'ಬಂತು' ಅಂತಿದ್ಲು."

"ಏನ ಮಾತ್ರಿ ಇದು!" ಎಂದಳು ವೈನಿ. "ನಾ ಮದಿವ್ಯಾಗಿ ಬಂದ ಹೊಸದಾಗಿ ಹಾಲ ಹೊತ್ತಿಸಿದ್ದೆ. ಅತ್ತಿಯಾರು ಆಚಿ ಮನಿಯಿಂದ ಮೂಸಿ ಓಡಿ ಬಂದಿದ್ರು."

"ಅದು ಹೊಗಿ ನೋಡಿ ಓಡಿ ಬಂದದ್ದು."

"ನೀವು ಹೊಲದಾಗ ಇದ್ರಿ. ನಿಮಗೇನ ಗೊತ್ತು?"

ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಚೌಕಟ್ಟಿನ ಮೇಲಿನ ಕೈ ಗೊತ್ತು, ಮುಚ್ಚಿದ ಕಣ್ಣು ಗೊತ್ತು. ಮೂಗಿನ ವಿಷಯ ಏನೂ ಗೊತ್ತಿರಲಿಲ್ಲ. ಅವ್ವ ಬಾಯಿ ತೆರೆದು ಮಲಗುತ್ತಿದ್ದಳೇ? ಒಮ್ಮೆ ಅನ್ನಿಸಿದರೆ ಹಾಗೆಯೇ ಕಾಣುತ್ತದೆ. ಇಲ್ಲ ಅಂದುಕೊಂಡರೆ ಬಾಯಿ ಮುಚ್ಚಿದ ಮುಖವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಮುಂದಿನ ದಿನಗಳಲ್ಲಿ ಮೂಗನ್ನು ಉಪ್ಪುನೀರಿನಿಂದ ತೊಳೆಯುವಾಗ ಕಟ್ಟಿದ ಹಕ್ಕಳೆಗಳು ಒಂದೊಂದಾಗಿ ಬಿದ್ದವು. ಗಂಟಲ ಬಿಳಿ ಪೊರೆಯೂ ಹೋಗಿತ್ತು. ಸ್ವಲ್ಪ ಸ್ವಲ್ಪ ಮಾತಾಡುತ್ತಿದ್ದೆ, ಆದರೆ ಮನೆಯವರಿಗೂ ನನಗೂ ಪಾಟಿಯ ರೂಢಿಯಾಗಿತ್ತು. ಏನಾದರೂ ಪರಿಮಳ ಬಂದಂತೆ ಅನ್ನಿಸಿದರೆ ಈಗ ಸಂತೋಷಕ್ಕಿಂತ ಗುಮಾನಿಯೇ ಮೊದಲು ಬರುತ್ತಿತ್ತು. ಮಲ್ಲಿಗೆ ಕಂಡರೆ ಮಲ್ಲಿಗೆಯ ವಾಸನೆ, ಚಹ ಕಂಡರೆ ಚಹದ ವಾಸನೆ. ನಾನು ಬೇಡಿದ್ದನ್ನೆಲ್ಲ ತಲೆಯೇ ಹುಟ್ಟಿಸಿ ಕೊಡುತ್ತಿತ್ತು. ಇನ್ನು ಯಾವ ವಾಸನೆಯನ್ನು ನಂಬುವುದು?

ವೈನಿ ಹೊಸ ಕೊತ್ತಂಬರಿಯನ್ನು ಮೊರದಲ್ಲಿ ಹಸನು ಮಾಡುತ್ತಿದ್ದ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಕೂತು ಅವಳಿಗೆ ಏನನ್ನೋ ಬರೆದು ತೋರಿಸಿ, ಒರೆಸಲು ಪಾಟಿಯನ್ನು ಹತ್ತಿರ ತಂದುಕೊಂಡೆ. ಏನೋ ಮೂಗಿಗೆ ಹೊಡೆಯಿತು. ಹುಳಿ, ಮುಗ್ಗು, ಅದರ ಕೆಳಗೆ ಇನ್ನೂ ಕೆಟ್ಟದ್ದೇನೋ. ಇದನ್ನು ಹಿಂದೆ ಎಲ್ಲೂ ಮೂಸಿದ ನೆನಪಿರಲಿಲ್ಲ. ಸತ್ತ ಇಲಿಯೇ? ಅಲ್ಲ. ಎದ್ದು ಕಟ್ಟೆಯ ಕೆಳಗೆ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಮತ್ತೆ ಕೂತರೆ ಮತ್ತೆ ಹೊಡೆಯಿತು.

"ವೈನಿ," ಎಂದೆ ದನಿ ಇಳಿಸಿ, "ಇಲ್ಲಿ ಏನರೆ ನಾರಾಕತ್ತದೇನು?"

ವೈನಿ ಮೊರ ಕೆಳಗಿಟ್ಟು ಪಕ್ಕದಲ್ಲಿದ್ದ ಮಗಳ ಮುಖ ನೋಡಿದಳು. ಮಗಳು ನನ್ನ ಕೈ ನೋಡಿದಳು. ಕೈಯಲ್ಲಿ ಟಾವೆಲ್ಲು ಇತ್ತು. ಇಷ್ಟು ದಿನ ಗಂಜಿಯಲ್ಲಿ ಅದ್ದಿ ಅದ್ದಿ ಒರೆಸಿದ್ದು.

"ಆತ್ಯಾ, ಅದು ಒಂದ ವಾರದಿಂದ ನಾರಾಕತ್ತದ!"

"ಮತ್ತ ಯಾಕ ಹೇಳ್ಲಿಲ್ಲ?"

"ಆಯಿ ಬ್ಯಾಡ ಅಂದ್ಲು" ಎಂದು ತಾಯಿಯ ಕಡೆ ಕೈ ತೋರಿಸಿದಳು.

"ವಾಸನಿ ಬರಂಗಿಲ್ಲ ಅಂತ ಮೊದಲ ಕೊರಗಾಕತ್ತೀರಿ," ಎಂದಳು ವೈನಿ. "ನಿಮ್ಮ ಟಾವೆಲ್ ನಾರ್ತದ ಅಂತ ಹೆಂಗ ಹೇಳೂದು? ನಿಮ್ಮ ಅಣ್ಣಾರು ಅದಕ್ಕ ನಾಕ ದಿನದಿಂದ ಅಂಗಳದಾಗ ಉಣ್ಣಾಕತ್ತಾರ. ನೀವು ಸೆಕಿಗೆ ಅಂತ ತಿಳಕೊಂಡೀರಿ."

ಹೌದು, ಸೆಕೆಗೆ ಎಂದೇ ದಿನಚರಿಯಲ್ಲೂ ಬರೆದಿದ್ದೆ. ಟಾವೆಲ್ಲನ್ನು ಮೂಗಿಗೆ ಇನ್ನಷ್ಟು ಹತ್ತಿರ ಹಿಡಿದೆ. ಇನ್ನೊಮ್ಮೆ ಹಿಡಿದೆ. ಸೊಸೆ "ಶೀ ಆತ್ಯಾ" ಎನ್ನುತ್ತಿದ್ದಳು. ಇದನ್ನು ನನ್ನ ತಲೆ ಹುಟ್ಟಿಸಿರಲು ಸಾಧ್ಯವೇ ಇಲ್ಲ. ಅದರ ನೆನಪಿನಲ್ಲಿ ಇಂಥ ವಾಸನೆ ಇರಲೇ ಇಲ್ಲ.

ವೈನಿ ಟಾವೆಲ್ಲನ್ನು ಕಡ್ಡಿಯಲ್ಲಿ ಎತ್ತಿ ಸಾಬೂನಿನ ಬಕೆಟ್ಟಿಗೆ ಹಾಕಿ, ಕೈ ತೊಳೆದು ಒಳಗೆ ಹೋದಳು. ಒಲೆ ಹತ್ತಿಸುವ ಸದ್ದು ಕೇಳಿಸಿತು. "ಬರ್ರಿ ಪ್ರೊಫೆಸರ್ ಬಾಯಾರ, ಮೋಡ ಏರಾಕತ್ತಾವ" ಎಂದು ಕೂಗಿದಳು.

ಹೊಸ್ತಿಲಲ್ಲಿ ನಿಂತೆ. ಚೌಕಟ್ಟು ಹಿಡಿಯಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಅಂಗಳದಲ್ಲಿ ಸೊಸೆ ಬಕೆಟ್ಟಿನ ಟಾವೆಲ್ಲನ್ನು ತುಳಿಯುತ್ತಿದ್ದಳು. ಬೀಜ ಬಾಣಲೆಗೆ ಬಿದ್ದ ಸದ್ದು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಏನೋ ತೆಳ್ಳಗೆ, ತುಸು ಮಣ್ಣುಮಣ್ಣಾಗಿ, ಎಡಗಡೆಯ ಹೊಳ್ಳೆಗೆ ಮಾತ್ರ. ಕೊತ್ತಂಬರಿ ಇಷ್ಟು ಸಾಧಾರಣವಾಗಿರುತ್ತದೆಯೇ? ನನ್ನ ನೆನಪಿನಲ್ಲಿ ಅದು ಇಡೀ ಮನೆ ತುಂಬುತ್ತಿತ್ತು. ಕಾದೆ. ಅದು ಸ್ವಲ್ಪ ಬೆಚ್ಚಗಾಯಿತು, ಅಂಚಿನಲ್ಲಿ ಸಿಹಿಯಾಯಿತು.

"ಬಂತು," ಎಂದೆ.

"ಖರೇನ?"

"ಹೂಂ. ಸಣ್ಣದಾಗಿ."

ಬಾಣಲೆ ಕೆಳಗಿಳಿಸಿದ ಸದ್ದು ಕೇಳಿದ ಮೇಲೆ ತಿರುಗಿ ನೋಡಿದೆ. ಕೊತ್ತಂಬರಿ ಕಪ್ಪಾಗಿರಲಿಲ್ಲ.